ಮೇಡಂ ಕೇಳಿದ ಕೋಳಿ

ಐದು ತಿಂಗಳಾಗುವ ಹೊತ್ತಿಗೆ ಎಲ್ಸ್‌ಪೆತ್ ರೆನ್ನಿಗೆ ಚಿಚೇವಾ ಭಾಷೆ ಮಾತಾಡುವ ಧೈರ್ಯ ಬಂದುಬಿಟ್ಟಿತ್ತು. ಭಾಷೆ ಬಂದಿರಲಿಲ್ಲ, ಧೈರ್ಯ ಮಾತ್ರ ಬಂದಿತ್ತು. ಇವೆರಡರ ನಡುವೆ ಎಷ್ಟು ಅಂತರ ಎಂದು ಆಮೇಲೆ ಯಾರಾದರೂ ಕೇಳಿದರೆ ಅವಳು ಸರಿಯಾಗಿ ಅಳೆದು ಹೇಳುತ್ತಿದ್ದಳು: ಅರವತ್ತೊಂದು ಕೋಳಿ.

ಗ್ಲಾಸ್ಗೋದ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದವಳು ಅವಳು. ಆ ಶಾಲೆಗೂ ಮಲಾವಿಯ ಡೆಡ್ಜಾ ಬೆಟ್ಟಗಳ ನಡುವೆ ಇರುವ ಕಫೂಲೆ ಪ್ರಾಥಮಿಕ ಶಾಲೆಗೂ ಹಳೆಯ ನಂಟು. ಆಗಾಗ ಅಲ್ಲಿಂದ ಒಬ್ಬರು ಬಂದು ಒಂದು ವರ್ಷ ಇದ್ದು ಪಾಠ ಹೇಳಿ ಹೋಗುವ ರೂಢಿ. ಈ ಸಲ ಯಾರೂ ಹೊರಡದಿದ್ದಾಗ ಎಲ್ಸ್‌ಪೆತ್ ಕೈ ಎತ್ತಿದಳು. ಐವತ್ಮೂರು ವಯಸ್ಸು, ತಂಗಿಯೊಬ್ಬಳನ್ನು ಬಿಟ್ಟರೆ ಹಿಂದೆ ಮುಂದೆ ಯಾರೂ ಇಲ್ಲ, ಮೊಣಕಾಲು ಇನ್ನೂ ಗಟ್ಟಿ. ಪೆಟ್ಟಿಗೆ ತುಂಬ ಆಯಸ್ಕಾಂತ, ಥರ್ಮಾಮೀಟರು, ಬಿಚ್ಚಿ ಜೋಡಿಸಬಹುದಾದ ಪ್ಲಾಸ್ಟಿಕ್ಕಿನ ಹೃದಯ ಹೊತ್ತು ತಂದಳು. ಬಕೆಟ್ಟು ತಂದಿರಲಿಲ್ಲ.

ಉರಿಯುವುದಕ್ಕೆ ಆಮ್ಲಜನಕ ಬೇಕು ಎಂದು ಆರನೇ ತರಗತಿಯ ತೊಂಬತ್ತನಾಲ್ಕು ಮಕ್ಕಳಿಗೆ ಬಣ್ಣದ ಚಾಕಿನಲ್ಲಿ ಬರೆದು ತೋರಿಸುವವಳು, ಮನೆಗೆ ಹೋಗಿ ಮೂರು ಕಲ್ಲಿನ ಒಲೆಯ ಮುಂದೆ ಕೂತರೆ ಹೊಗೆ ಬಿಟ್ಟು ಬೇರೇನೂ ಹುಟ್ಟಿಸುತ್ತಿರಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಪಕ್ಕದ ಮನೆಯ ಫಲೇಸಿ ಒಂದು ಹೆಂಚಿನ ಚೂರಿನ ಮೇಲೆ ನಾಲ್ಕು ಕೆಂಡ ಇಟ್ಟುಕೊಂಡು ಆಗಲೇ ನಿಂತಿರುತ್ತಿದ್ದಳು. ಫಲೇಸಿ ಒಂದನೇ ತರಗತಿಯ ಮೇಡಂ. ಮೂವತ್ತರ ಆಸುಪಾಸಿನ ಹೆಂಗಸು. ಮಾತಿಗೆ ಬಾಯಿ ತೆರೆದರೆ ಒಂದು ಚುಚ್ಚು ಇಲ್ಲದೆ ಮುಚ್ಚುವವಳಲ್ಲ. ಎಲ್ಸ್‌ಪೆತ್ ತಾನೇ ತೊಳಸಿದ ಮೊದಲ ನ್ಸಿಮಾವನ್ನು, ಅಂದರೆ ಮೆಕ್ಕೆಜೋಳದ ಮುದ್ದೆಯನ್ನು, ಅವಳ ಮುಂದಿಟ್ಟಾಗ ಬೆರಳಲ್ಲಿ ಒತ್ತಿ ನೋಡಿ ಹೇಳಿದ್ದಳು:

"ಮೇಡಂ, ಇದನ್ನ ತಿನ್ನೋದು ಬೇಡ. ಶಾಲೆ ಗೋಡೇಲಿ ಒಂದು ಬಿರುಕಿದೆ, ಅಲ್ಲಿಗೆ ಮೆತ್ತೋಣ."

ಬೋರ್‌ವೆಲ್ಲಿನ ಹತ್ತಿರ ಇನ್ನೊಂದು ಕಥೆ. ಮೊದಲ ವಾರ ಎಲ್ಸ್‌ಪೆತ್ ಹಟ ಹಿಡಿದು ಬಕೆಟ್ಟನ್ನು ತಲೆಯ ಮೇಲೆ ಹೊತ್ತಳು. ಆಮೇಲೆ ಅವಳ ಬಕೆಟ್ಟನ್ನು ಯಾರಾದರೂ ಹೆಂಗಸು ತಾನಾಗಿಯೇ ಎತ್ತಿಕೊಂಡು ಮನೆಯವರೆಗೆ ತಂದುಕೊಡುವುದು ವಾಡಿಕೆಯಾಯಿತು. ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ಅವಳು ತಂಗಿಗೆ ಕಾಗದ ಕೂಡ ಬರೆದಳು. ಅವಳು ಚೆಲ್ಲಿದ ನೀರಿಗೆ ದಾರಿ ಕೆಸರಾಗಿ ಇಬ್ಬರು ಗರ್ಭಿಣಿಯರು ಜಾರಿದ್ದರೆಂದೂ, ಇದು ಹೆಂಗಸರೆಲ್ಲ ಸೇರಿ ಮಾಡಿಕೊಂಡ ಏರ್ಪಾಟೆಂದೂ ಫಲೇಸಿ ಹೇಳಿದ್ದು ಏಪ್ರಿಲ್‌ನಲ್ಲಿ. ಆ ಕಾಗದ ಅಷ್ಟರಲ್ಲಿ ಗ್ಲಾಸ್ಗೋ ಮುಟ್ಟಿ ಎರಡು ತಿಂಗಳಾಗಿತ್ತು.

ಜೂನ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಎಲ್ಸ್‌ಪೆತ್ ಮತ್ತು ಫಲೇಸಿ ಇಬ್ಬರೇ ಕೂತಿದ್ದಾಗ ಮುಖ್ಯೋಪಾಧ್ಯಾಯ ಕಡ್ಜೊಂಬೆಯವರು ಒಂದು ವಿಷಯ ಎತ್ತಿದರು. ಸಣ್ಣ ದನಿಯ, ದೊಡ್ಡ ಹಣೆಯ, ಯಾವುದಕ್ಕೂ ಅವಸರಪಡದ ಮನುಷ್ಯ ಅವರು.

"ಗಂಜಿ ಮನೇಲಿ ಕಟ್ಟಿಗೆ ಮುಗೀತಾ ಬಂತು. ಸೋಮವಾರ ಮಕ್ಕಳು ಒಂದೊಂದು ತರಲಿ. ನಾಳೆ ನಾನು ಜಿಲ್ಲಾ ಕಚೇರಿಗೆ ಹೋಗ್ತಿದೀನಿ. ಬೆಳಿಗ್ಗೆ ಪ್ರಾರ್ಥನೇಲಿ ಯಾರಾದ್ರೂ ಹೇಳಿಬಿಡಿ."

"ನಾನು ಹೇಳ್ತೀನಿ," ಎಂದಳು ಎಲ್ಸ್‌ಪೆತ್. "ಚಿಚೇವಾದಲ್ಲೇ ಹೇಳ್ತೀನಿ."

ಕಡ್ಜೊಂಬೆ ಫಲೇಸಿಯ ಮುಖ ನೋಡಿದರು. ಫಲೇಸಿ ಹೇಳಿದಳು, "ನಾಳೆ ನಾನೂ ಇರಲ್ಲ, ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಸಂಜೆ ಬನ್ನಿ, ಒಂದ್ಸಲ ನನ್ನ ಮುಂದೆ ಹೇಳಿ ಹೋಗಿ."

"ನಾಲ್ಕು ಮಾತು ಹೇಳೋಕೆ ಪಾಠ ಬೇಕಾ ಫಲೇಸಿ? ನಾನೇನು ಮಗುನಾ?"

"ಮಗು ಆಗಿದ್ರೆ ನಾನು ಹೇಳ್ತಾನೇ ಇರಲಿಲ್ಲ," ಎಂದಳು ಫಲೇಸಿ.

ಚಿಚೇವಾದಲ್ಲಿ ಕಟ್ಟಿಗೆಗೆ ‘ನ್ಖುನಿ’ ಎನ್ನುತ್ತಾರೆ. ಕೋಳಿಗೆ ‘ನ್ಖುಕು’. ಎಲ್ಸ್‌ಪೆತ್‌ಗೆ ಇವೆರಡೂ ಗೊತ್ತಿದ್ದವು. ಪುಸ್ತಕದಲ್ಲಿ ಒಂದೇ ಪುಟದಲ್ಲಿ ಬರೆದುಕೊಂಡಿದ್ದಳು, ಅದೂ ಒಂದರ ಕೆಳಗೆ ಒಂದು.

ಶುಕ್ರವಾರ ಬೆಳಿಗ್ಗೆ ಆರುನೂರು ಮಕ್ಕಳ ಮುಂದೆ ಅವಳು ಎದೆ ಸೆಟೆಸಿ ನಿಂತಳು. ಸೋಮವಾರ ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಕೋಳಿ ತರಬೇಕು ಎಂದಳು. ಶಾಲೆಗೆ ಬೇಕು ಎಂದಳು. ತೀರ ಸಣ್ಣದು ಬೇಡ, ಆದರೆ ಹೊರಲಾರದಷ್ಟು ದೊಡ್ಡದೂ ಬೇಡ. ಕೊನೆಗೆ, ಎಲ್ಲಕ್ಕಿಂತ ಮುಖ್ಯವಾಗಿ, ಚೆನ್ನಾಗಿ ಒಣಗಿರಬೇಕು, ಒದ್ದೆಯದ್ದು ತಂದರೆ ತೆಗೆದುಕೊಳ್ಳುವುದಿಲ್ಲ ಎಂದು ಎರಡು ಸಲ ಒತ್ತಿ ಹೇಳಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಹಿಂದಿನ ಸಾಲಿನಲ್ಲಿ ಪಿಸುಪಿಸು ಎದ್ದು ಮುಂದಿನ ಸಾಲಿಗೆ ಹರಿಯಿತು. ತನ್ನ ಭಾಷೆ ಕೇಳಿ ಬೆರಗಾಗಿದ್ದಾರೆ ಎಂದುಕೊಂಡಳು ಎಲ್ಸ್‌ಪೆತ್. ಬೆರಗಾಗಿದ್ದೇನೋ ನಿಜ.

ಐದನೇ ತರಗತಿಯ ಬೊನೊಂಗ್ವೆ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದ. ಎಳೆಯ ವಯಸ್ಸು, ಕೆಲಸಕ್ಕೆ ಸೇರಿ ಎಂಟು ತಿಂಗಳು. ಕಟ್ಟಿಗೆಯ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಅವನಿಗೆ ವಿಚಿತ್ರ ಅನಿಸದೆ ಇರಲಿಲ್ಲ. ಆದರೆ ಹೊರದೇಶದವರು ಏನಾದರೂ ಕೇಳಿದರೆ ಅದರ ಹಿಂದೆ ಯಾವುದೋ ಪ್ರಾಜೆಕ್ಟ್ ಇರುತ್ತದೆ ಎಂದು ಅವನು ಚಿಕ್ಕಂದಿನಿಂದ ನೋಡಿಕೊಂಡು ಬಂದವನು. ಮಕ್ಕಳು ಬಂದು ಕೇಳಿದಾಗ, "ಕೋಳಿ ಜ್ವರಕ್ಕೆ ಚುಚ್ಚುಮದ್ದು ಇರಬೇಕು," ಎಂದ.

ಎಲ್ಸ್‌ಪೆತ್ ಶನಿವಾರ ಪೇಟೆಗೆ ಹೋದಳು. ಫೋನು ಚಾರ್ಜು ಮಾಡಿಸಿ, ಬ್ರೆಡ್ಡು ಕೊಂಡು, ಮಿಷನ್ನಿನ ಅತಿಥಿಗೃಹದಲ್ಲಿ ಬಿಸಿನೀರು ಸ್ನಾನ ಮಾಡಿ ಭಾನುವಾರ ಕತ್ತಲಾಗುವ ಮುಂಚೆ ಹಿಂತಿರುಗಿ ಬೇಗ ಮಲಗಿದಳು. ಈ ಎರಡು ದಿನದಲ್ಲಿ ಚುಚ್ಚುಮದ್ದಿನ ಸುದ್ದಿ ಹಿಟ್ಟಿನ ಗಿರಣಿಯ ಹತ್ತಿರ ಬೇರೆ ರೂಪ ತಾಳಿತು. ಒಂದು ಕೊಟ್ಟರೆ ಎರಡು ಬರುತ್ತದಂತೆ ಎಂದರು ಯಾರೋ. ಹಿಂದೆ ಯಾವುದೋ ಪ್ರಾಜೆಕ್ಟಿನವರು ಆಡಿನ ವಿಷಯದಲ್ಲಿ ಹಾಗೆ ಮಾಡಿದ್ದರು, ಸುಳ್ಳಲ್ಲ. ಭಾನುವಾರ ಚರ್ಚು ಬಿಡುವ ಹೊತ್ತಿಗೆ ಆ ಎರಡು ಕೋಳಿಗಳು ಸ್ಕಾಟ್ಲೆಂಡಿನ ಕೋಳಿಗಳಾಗಿ, ಹೆಬ್ಬಾತಿನ ಗಾತ್ರಕ್ಕೆ ಬೆಳೆದು, ದಿನಕ್ಕೊಂದು ಮೊಟ್ಟೆ ತಪ್ಪದೆ ಇಡತೊಡಗಿದ್ದವು.

ಸೋಮವಾರ ಬೆಟ್ಟದ ಮೇಲಿನಿಂದ ಜಿನುಗು ಮಳೆ ಇಳಿದಿತ್ತು, ಮೂಳೆ ಕೊರೆಯುವ ಚಳಿ. ಎಲ್ಸ್‌ಪೆತ್ ತಂಗಿ ಹೆಣೆದುಕೊಟ್ಟ ಉಣ್ಣೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಶಾಲೆಯ ಕಡೆ ನಡೆದಳು. ಅಂಗಳ ಮುಟ್ಟುವ ಮೊದಲೇ ಸದ್ದು ಕೇಳಿಸಿತು. ತನ್ನ ತರಗತಿಯ ಬಾಗಿಲಲ್ಲಿ ನಿಂತಳು.

ಮಕ್ಕಳು ಬೇರೆ ಬೇರೆ ತರಗತಿಗಳಿಂದ ಬಂದು ಅವಳ ಕೋಣೆಯಲ್ಲೇ ಸೇರಿದ್ದವು. ಕಂಕುಳಲ್ಲಿ ಕೋಳಿ, ಮಡಿಲಲ್ಲಿ ಕೋಳಿ, ಸಕ್ಕರೆ ಚೀಲದಿಂದ ಕತ್ತು ಹೊರಹಾಕಿದ ಕೋಳಿ, ಕಾಲು ಕಟ್ಟಿ ಮೇಜಿನ ಮೇಲೆ ಮಲಗಿಸಿದ ಹುಂಜ. ಒದ್ದೆಯದ್ದು ಬೇಡ ಎಂದಿದ್ದಳಲ್ಲ, ಅದಕ್ಕೇ ಹೆಚ್ಚಿನವನ್ನು ಹಳೆಯ ಬಟ್ಟೆಯಲ್ಲಿ ಕೂಸಿನ ಹಾಗೆ ಸುತ್ತಿದ್ದರು. ಒಂದು ಪುಟ್ಟ ಹುಡುಗಿ ಮುಂದೆ ಬಂದು ತನ್ನ ಕೋಳಿಯ ರೆಕ್ಕೆ ಎತ್ತಿ ತೋರಿಸಿದಳು.

"ಒಣಗಿದೆ ಮೇಡಂ. ಅಮ್ಮ ಬೆಳಿಗ್ಗೆ ಒಲೆ ಮುಂದೆ ಹಿಡಿದಿದ್ರು."

"ಕೋಳಿ ಯಾಕೆ ತಂದಿದೀರಿ?" ಎಂದಳು ಎಲ್ಸ್‌ಪೆತ್.

ಹುಡುಗಿ ಪಾಪ, ಏನು ಹೇಳಬೇಕೆಂದು ತಿಳಿಯದೆ ಹಿಂದಕ್ಕೆ ನೋಡಿದಳು. "ನೀವೇ ಹೇಳಿದ್ದು," ಎಂದಿತು ಇನ್ನೊಂದು ದನಿ.

ಅಷ್ಟರಲ್ಲಿ, ಶುಕ್ರವಾರದಿಂದ ಊರಲ್ಲಿಲ್ಲದ ಕಡ್ಜೊಂಬೆಯವರು ಸೈಕಲ್ಲು ಗೋಡೆಗೆ ಒರಗಿಸಿ ಒಳಗೆ ಬಂದರು. ಅವರ ಬೆನ್ನಿಗೆ, ಅಮ್ಮನ ಜೊತೆ ಆಸ್ಪತ್ರೆಯಲ್ಲೇ ಉಳಿದಿದ್ದ ಫಲೇಸಿ. ಕಡ್ಜೊಂಬೆ ಕೋಣೆಯನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು.

"ಮೇಡಂ, ಶುಕ್ರವಾರ ನೀವು ಏನು ತನ್ನಿ ಅಂದ್ರಿ? ಆ ಪದ ಒಂದ್ಸಲ ಹೇಳಿ."

"ನ್ಖುಕು," ಎಂದಳು ಎಲ್ಸ್‌ಪೆತ್. ಹೇಳಿದ ಮೇಲೆ ಅದು ಅವಳದೇ ಕಿವಿಗೆ ಬಿತ್ತು.

"ಹಾಗಾದ್ರೆ ಮಕ್ಕಳದ್ದೇನೂ ತಪ್ಪಿಲ್ಲ. ಸರಿಯಾಗೇ ತಂದಿದಾರೆ."

ಫಲೇಸಿ ಬೆಂಚಿನ ಮೇಲೆ ಕುಸಿದು ಕೂತು ಸೊಂಟಕ್ಕೆ ಸುತ್ತಿದ್ದ ಬಟ್ಟೆಯ ತುದಿಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಅದೇ ಹೊತ್ತಿಗೆ ಮೇಜಿನ ಮೇಲಿದ್ದ ಹುಂಜದ ಕಟ್ಟು ಸಡಿಲಾಗಿ, ಅದಕ್ಕೆ ಎದುರಾಗಿ ಇನ್ನೊಂದು ಹುಂಜ ಸಿಕ್ಕಿ, ಮುಂದಿನ ಹತ್ತು ನಿಮಿಷ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಆಯಸ್ಕಾಂತದ ಡಬ್ಬಿ ಉರುಳಿತು. ಪ್ಲಾಸ್ಟಿಕ್ಕಿನ ಹೃದಯದ ಎಡಭಾಗ ಕಿಟಕಿಯಿಂದ ಹೊರಗೆ ಹೋಯಿತು. ಕೋಳಿಗಳನ್ನು ಹಿಡಿದು ಅವರವರ ಕೈಗೆ ಕೊಡುವಾಗ ಎಲ್ಸ್‌ಪೆತ್ ಎಣಿಸಿದ್ದು ಅರವತ್ತೊಂದು. ಉಳಿದ ಮನೆಗಳವರು ನೋಡೋಣ ಎಂದು ತಡೆದಿದ್ದರು. ಆ ಐನೂರು ಚಿಲ್ಲರೆ ಮಕ್ಕಳ ಮನೆಯವರ ವಿವೇಕವನ್ನು ಅವಳು ಆಮೇಲೆ ಬಹಳ ದಿನ ಮನಸ್ಸಿನಲ್ಲೇ ಕೊಂಡಾಡಿದಳು.

ಅಂಗಳದಲ್ಲಿ ದೊಡ್ಡವರೂ ಸೇರಿದ್ದರು. ಸ್ಕಾಟ್ಲೆಂಡಿನ ಕೋಳಿ ಯಾವ ಲಾರಿಯಲ್ಲಿ ಬರುತ್ತದೆ ಎಂದು ನೋಡಲು ಬಂದವರು. ಕಡ್ಜೊಂಬೆ ಅವಳ ಕಡೆ ತಿರುಗಿದರು.

"ಹೋಗಿ ಹೇಳಿ ಮೇಡಂ. ನಾನು ಹೇಳಿದ್ರೆ ಮುಚ್ಚಿಡ್ತಿದೀನಿ ಅಂದ್ಕೋತಾರೆ. ನಿಮ್ಮ ಬಾಯಿಂದ ಬಂದ್ರೆ ನಂಬ್ತಾರೆ."

ಎಲ್ಸ್‌ಪೆತ್ ಮೆಟ್ಟಿಲ ಮೇಲೆ ನಿಂತಳು. ಶುಕ್ರವಾರ ಸೆಟೆದಿದ್ದ ಎದೆ ಈಗ ಎಲ್ಲಿತ್ತೋ. "ನಾನು ಕಟ್ಟಿಗೆ ಕೇಳಬೇಕಿತ್ತು," ಎಂದಳು. "ಕೋಳಿ ಕೇಳಿದೆ. ಎರಡೂ ಪದ ನನಗೆ ಗೊತ್ತು. ಬಾಯಿಗೆ ಬೇರೆಯದು ಬಂತು. ತಪ್ಪು ನನ್ನದು. ಮಕ್ಕಳದ್ದಲ್ಲ. ಕ್ಷಮಿಸಿ."

ಗುಂಪಿನೊಳಗಿಂದ ಒಬ್ಬಳು ಹೆಂಗಸು, "ಒಣಗಿದ್ದು ತನ್ನಿ ಅಂದಿದ್ದು ಅದಕ್ಕಾ?" ಎಂದಳು. ನಗು ಎಲ್ಲಿಂದಲೋ ಶುರುವಾಗಿ ಇಡೀ ಅಂಗಳ ತುಂಬಿತು. ಹೆಂಗಸರು ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕರು. ಒಬ್ಬಳು ಕೆಸರಿನಲ್ಲೇ ಕೂತುಬಿಟ್ಟಳು.

"ನಾನು ರಾತ್ರಿ ಪೂರ್ತಿ ಅದಕ್ಕೆ ಗೂಡು ಕಟ್ಟಿದೀನಿ, ದೊಡ್ಡ ಕೋಳಿ ಬರತ್ತೆ ಅಂತ," ಎಂದ ಒಬ್ಬ ಗಂಡಸು.

"ಆ ಗೂಡಲ್ಲಿ ನೀನೇ ಮಲ್ಕೋ," ಎಂದಳು ಅವನ ಹೆಂಡತಿ.

ನಗು ಕರಗಿದ ಮೇಲೆ ಇನ್ನೊಬ್ಬ ಮುಂದೆ ಬಂದು ಮೆಲ್ಲಗೆ ಕೇಳಿದ, "ಹಾಗಾದ್ರೆ ಪ್ರಾಜೆಕ್ಟ್ ಏನೂ ಇಲ್ವಾ ಮೇಡಂ?"

"ಇಲ್ಲ."

"ಸರಿ," ಎಂದು ಅವನು ಮಗಳ ಕೈಯಿಂದ ಕೋಳಿ ತೆಗೆದುಕೊಂಡು ಹೊರಟ. ಆ ‘ಸರಿ’ ನಗುವಿಗಿಂತ ಹೆಚ್ಚು ಚುಚ್ಚಿತು. ಇನ್ನೂ ಒಂದಿತ್ತು: ಕಟ್ಟಿಗೆ ಯಾರೂ ತಂದಿರಲಿಲ್ಲ. ಅವತ್ತು ಮಕ್ಕಳಿಗೆ ಗಂಜಿ ಬೇಯಲಿಲ್ಲ. ಸಣ್ಣ ಮಕ್ಕಳು ಅಭ್ಯಾಸಬಲದಿಂದ ಬಟ್ಟಲು ಹಿಡಿದು ಗಂಜಿ ಮನೆಯವರೆಗೆ ಹೋಗಿ, ತಣ್ಣಗಿದ್ದ ಒಲೆ ನೋಡಿ ವಾಪಸು ಬಂದವು. ಅದನ್ನು ನೋಡಿದ ಎಲ್ಸ್‌ಪೆತ್‌ಗೆ ತನ್ನ ಮೇಲೆ ತಾನೇ ನಗುವುದು ಸ್ವಲ್ಪ ಹೊತ್ತು ಆಗಲಿಲ್ಲ.

ಕೋಳಿ ತಂದವರೆಲ್ಲ ಮನೆಗೆ ಬಿಟ್ಟುಬರಲು ಓಡಿದರು. ಒಬ್ಬಳು ಮಾತ್ರ ಗೋಡೆಗೊರಗಿ ನಿಂತೇ ಇದ್ದಳು. ಫತ್ಸಾನಿ, ಆರನೇ ತರಗತಿಯ ಹುಡುಗಿ. ಮಾತು ಕಡಿಮೆ, ಲೆಕ್ಕದಲ್ಲಿ ಚುರುಕು. ಅವಳ ಕೈಯಲ್ಲಿ ಬೂದಿ ಬಣ್ಣದ ಒಂದು ಹೇಂಟೆ, ಗರಿ ಕೆದರಿಕೊಂಡು ಗುರ್ರೆನ್ನುತ್ತಿತ್ತು. ಫಲೇಸಿ ಅದರ ಹೊಟ್ಟೆಯ ಕೆಳಗೆ ಕೈ ಹಾಕಿ ನೋಡಿದಳು. ಅಲ್ಲಿ ಗರಿ ಉದುರಿ ಬರಿ ಚರ್ಮ ಬಿಸಿಯಾಗಿತ್ತು.

"ಇದು ಕಾವು ಕೂತಿರೋ ಕೋಳಿ ಅಲ್ವೇನೇ?"

ಹುಡುಗಿ ತಲೆಯಾಡಿಸಿದಳು. "ಹನ್ನೊಂದು ಮೊಟ್ಟೆ. ಇನ್ನೈದು ದಿನಕ್ಕೆ ಮರಿ ಬರ್ತಿತ್ತು. ನಮ್ಮ ಮನೇಲಿ ಇರೋದು ಇದೊಂದೇ."

"ಯಾವಾಗ ಎಬ್ಬಿಸಿದೆ?"

"ಬೆಳಕು ಹರಿಯೋಕೆ ಮುಂಚೆ."

ಎಲ್ಸ್‌ಪೆತ್‌ಗೆ ಮೊಟ್ಟೆಯ ವಿಷಯ ಗೊತ್ತಿತ್ತು, ಅದರ ಮೇಲೆ ಪಾಠವನ್ನೇ ಮಾಡಿದ್ದಳು. ಮೂವತ್ತೇಳೂವರೆ ಡಿಗ್ರಿ. ಕಡಿಮೆಯಾದರೆ ಒಳಗಿನ ಜೀವ ನಿಲ್ಲುತ್ತದೆ. ಅವಳು ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡು ಹೊರಟು ನಿಂತಳು. ಕಡ್ಜೊಂಬೆ ತಡೆಯಲಿಲ್ಲ.

"ಹೋಗ್ಬನ್ನಿ. ನಿಮ್ಮ ತರಗತಿ ನಾನು ನೋಡ್ಕೋತೀನಿ. ಅಲ್ಲಿ ಏನೂ ಪ್ರಕಟಣೆ ಮಾಡ್ಬೇಡಿ, ಅಷ್ಟೇ."

ಫತ್ಸಾನಿಯ ಮನೆ ದಿಣ್ಣೆಯಾಚೆ, ಮುಕ್ಕಾಲು ಗಂಟೆ ದಾರಿ. ಕೋಳಿ ಹಿಡಿದ ಹುಡುಗಿ ಬರಿಗಾಲಲ್ಲಿ ಮುಂದೆ ಮುಂದೆ ಹಾರಿದಂತೆ ನಡೆದಳು. ಬೆಟ್ಟ ಹತ್ತಲೆಂದೇ ಕೊಂಡ ಬೂಟು ಹಾಕಿದ್ದ ಎಲ್ಸ್‌ಪೆತ್ ಎರಡು ಕಡೆ ಬಿದ್ದಳು. ಎರಡನೇ ಸಲ ಬಿದ್ದಾಗ ಕುಂಡೆಯ ಮೇಲೆ ಹತ್ತು ಮಾರು ಜಾರಿ, ಹುಡುಗಿಗಿಂತ ಮೊದಲೇ ಕೆಳಗೆ ತಲುಪಿದಳು.

ಹುಡುಗಿಯ ಅಜ್ಜಿ ದೈಲೆಸಿ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದಳು. ಸಣಕಲು ದೇಹ, ಬಾಯಲ್ಲಿ ನಾಲ್ಕು ಹಲ್ಲು, ಕಣ್ಣು ಮಾತ್ರ ಭಾರಿ ಚುರುಕು. ಕೆಸರು ಮೆತ್ತಿಕೊಂಡು ಬಂದವಳನ್ನು ನೋಡಿ ಎದ್ದು, ಚಾಪೆ ಹಾಸಿ, ಕ್ಷೇಮ ಸಮಾಚಾರ ಒಂದೊಂದಾಗಿ ವಿಚಾರಿಸಿದಳು. ಆರೋಗ್ಯವಾ, ಮನೆಯವರು ಆರೋಗ್ಯವಾ, ಚಳಿ ಹೇಗಿದೆ. ಎಲ್ಸ್‌ಪೆತ್ ಉತ್ತರ ಕೊಡುತ್ತಲೇ ಅಡುಗೆ ಗುಡಿಸಲ ಕಡೆ ಕತ್ತು ಚಾಚಿದಳು. ಫತ್ಸಾನಿ ಅಜ್ಜಿಗೆ ಕಟ್ಟಿಗೆ-ಕೋಳಿಯ ಕಥೆ ಹೇಳಿದಳು. ಅಜ್ಜಿ ನಗಲಿಲ್ಲ. "ಓ," ಎಂದಳು ಅಷ್ಟೇ.

ಗುಡಿಸಲೊಳಗೆ ಒಲೆಯ ಪಕ್ಕ, ಗೋಡೆ ಮೂಲೆಯಲ್ಲಿ ಮೊಟ್ಟೆಯ ಕುಕ್ಕೆ ಇತ್ತು. ಕೋಳಿಯನ್ನು ಕೆಳಗೆ ಬಿಟ್ಟರು. ಅದು ಕುಕ್ಕೆಯ ಹತ್ತಿರ ಹೋಗಿ, ಎಲ್ಸ್‌ಪೆತ್‌ಳನ್ನು ಒಂದು ಕಣ್ಣಲ್ಲಿ ದಿಟ್ಟಿಸಿ, ರೆಕ್ಕೆ ಬಡಿದು ಹೊರಗೆ ಓಡಿತು. ಮತ್ತೆ ತಂದು ಬಿಟ್ಟರೂ ಅಷ್ಟೇ. ಎಲ್ಸ್‌ಪೆತ್ ಮೊಟ್ಟೆ ಮುಟ್ಟಿ ನೋಡಿದಳು. ತಣ್ಣಗಾಗುತ್ತಿದ್ದವು.

"ಇದು ಕೂರಲ್ಲ ಅಜ್ಜಿ. ಹೆದರಿದೆ. ನಾನು ನೋಡ್ಕೋತೀನಿ," ಎಂದಳು. ಉಣ್ಣೆ ಟೋಪಿ ಬಿಚ್ಚಿ, ಹನ್ನೊಂದು ಮೊಟ್ಟೆಯನ್ನೂ ಅದರಲ್ಲಿಟ್ಟು, ಥರ್ಮಾಮೀಟರು ಸಿಕ್ಕಿಸಿ, ಇಡೀ ಗಂಟನ್ನು ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿಕೊಂಡಳು. ಒಲೆಯ ಬಿಸಿ ತಾಗಲೆಂದು ಅದೇ ಮೂಲೆಯಲ್ಲಿ, ಖಾಲಿ ಕುಕ್ಕೆಯ ಪಕ್ಕದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಹತ್ತು ನಿಮಿಷಕ್ಕೊಮ್ಮೆ ಕತ್ತಿನ ಸಂದಿಯಿಂದ ಒಳಗೆ ಇಣುಕಿ ಡಿಗ್ರಿ ಓದುತ್ತಿದ್ದಳು.

ಸುದ್ದಿ ಹಬ್ಬಿತು. ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಂದು, ಬಾಗಿಲಲ್ಲಿ ಮಂಡಿಯೂರಿ ಕ್ಷೇಮ ಕೇಳಿ, ಸ್ವೆಟರಿನ ಉಬ್ಬನ್ನು ನೋಡಿ, ತುಟಿ ಕಚ್ಚಿಕೊಂಡು ಹೋದರು. ಗೋಡೆಯಾಚೆ ಹೋದ ಮೇಲೆ ನಗು ಕೇಳಿಸುತ್ತಿತ್ತು. ಒಬ್ಬಳು ಮಾತ್ರ ಧೈರ್ಯ ಮಾಡಿದಳು.

"ಮೇಡಂ, ಕೂತು ಎಷ್ಟು ಹೊತ್ತಾಯ್ತು?"

"ಮೂರು ಗಂಟೆ."

"ಇನ್ನು ಐದು ದಿನ ಅಂತೆ. ಊಟ ಕಳಿಸ್ತೀವಿ ಬಿಡಿ. ನಡುವೆ ಏನಾದ್ರೂ ಕೆರೆಯೋಕೆ ಹೊರಗೆ ಹೋಗ್ಬೇಕು ಅನ್ಸಿದ್ರೆ ಹೇಳಿ."

ಊಟವನ್ನು ಅಜ್ಜಿಯೇ ಕೊಟ್ಟಳು. ಮುದ್ದೆ, ಒಣಗಿಸಿಟ್ಟ ಅಲಸಂದೆ ಸೊಪ್ಪಿಗೆ ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ್ದು. ಎಲ್ಸ್‌ಪೆತ್ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಇನ್ನೊಂದರಲ್ಲಿ ತಿಂದಳು. ತಿನ್ನುತ್ತಾ, ಬೆಳಗಿನಿಂದ ತಡೆಹಿಡಿದಿದ್ದ ಮಾತನ್ನು ಕೇಳಿದಳು.

"ಅಜ್ಜಿ, ಕಾವಿನ ಕೋಳೀನ ಎಬ್ಬಿಸಬಾರದು ಅಂತ ನಿಮಗೆ ಗೊತ್ತಿತ್ತಲ್ಲ. ಯಾಕೆ ಕಳಿಸಿದ್ರಿ? ಎರಡು ವಾಪಸ್ ಬರತ್ತೆ ಅಂತಾನಾ?"

"ಎರಡಂತೆ, ಹೆಬ್ಬಾತಿನಷ್ಟಂತೆ," ಅಜ್ಜಿ ಕೈ ಬೀಸಿದಳು. "ಗಿರಣಿ ಹತ್ರ ಹೇಳೋದನ್ನೆಲ್ಲ ನಂಬಿದ್ರೆ ನಾನು ಇಷ್ಟು ವರ್ಷ ಬದುಕ್ತಿದ್ನಾ? ಎಲ್ಲರೂ ಒಂದೊಂದು ತನ್ನಿ ಅಂದ್ರಂತೆ ನೀವು. ಇವಳಿಗೆ ಅಪ್ಪ ಇಲ್ಲ, ಅಮ್ಮ ಎಲ್ಲೋ ದುಡಿಯೋಕೆ ಹೋಗಿದಾಳೆ. ಎಲ್ಲಾ ಮಕ್ಕಳ ನಡುವೆ ಇವಳೊಬ್ಬಳೇ ಬರಿಗೈಲಿ ನಿಂತ್ಕೊಳ್ಳೋದು ನನಗೆ ಇಷ್ಟ ಇರಲಿಲ್ಲ. ಉಳಿದೋರು ಕಳಿಸಲ್ಲ ಅಂತ ನನಗೇನು ಗೊತ್ತು?"

ಎಲ್ಸ್‌ಪೆತ್ ಕೈಯಲ್ಲಿದ್ದ ತುತ್ತನ್ನು ವಾಪಸು ತಟ್ಟೆಗಿಟ್ಟಳು. ಅಜ್ಜಿ ಮುಂದುವರಿಸಿದಳು.

"ನಮ್ಮ ಮೇಷ್ಟ್ರು ಯಾರಾದ್ರೂ ಕೇಳಿದ್ದಿದ್ರೆ ಬೈದು ಕಳಿಸ್ತಿದ್ದೆ. ನೀವು ಅಷ್ಟು ದೂರದಿಂದ ಬಂದೋರು. ಇಂಥದ್ದು ಕೇಳ್ತಾರೆ ಅಂದ್ರೆ ನಮಗೆ ಗೊತ್ತಿಲ್ಲದ್ದು ಏನೋ ಗೊತ್ತಿರಬೇಕು ಅಂದ್ಕೊಂಡೆ."

"ನನಗೆ ಏನೂ ಗೊತ್ತಿರಲಿಲ್ಲ," ಎಂದಳು ಎಲ್ಸ್‌ಪೆತ್.

"ಅದು ಈಗ ಗೊತ್ತಾಯ್ತು," ಎಂದಳು ಅಜ್ಜಿ, ಸಿಟ್ಟೇನೂ ಇಲ್ಲದೆ.

ಮಧ್ಯಾಹ್ನ ಇಳಿಯಿತು. ಬೂದಿ ಹೇಂಟೆ ಗಂಟೆಗೆ ನಾಲ್ಕು ಸಲ ಬಾಗಿಲಿಗೆ ಬಂದು ಒಳಗೆ ಕತ್ತು ಹಾಕುತ್ತಿತ್ತು, ಮತ್ತೆ ಹೋಗುತ್ತಿತ್ತು. ಎಲ್ಸ್‌ಪೆತ್ ಪ್ರತಿ ಸಲವೂ ಅದಕ್ಕೆ "ಬಾ, ಬಾ" ಎಂದು ತನ್ನ ಭಾಷೆಯಲ್ಲೂ ಇವರ ಭಾಷೆಯಲ್ಲೂ ಕರೆದಳು. ಅಜ್ಜಿ ಕೋಳಿಯನ್ನು ನೋಡುವುದು, ಎಲ್ಸ್‌ಪೆತ್‌ಳನ್ನು ನೋಡುವುದು, ಏನೋ ಹೇಳಲು ಬಾಯಿ ತೆರೆಯುವುದು, ಸುಮ್ಮನಾಗುವುದು. ಹೀಗೇ ನಡೆಯಿತು. ಕೊನೆಗೆ ಎದ್ದು ನಿಂತಳು.

"ಮೇಡಂ, ನನ್ನ ಗೆಣಸಿನ ಹೊಲ ನೋಡಿದೀರಾ?"

"ಇಲ್ಲ ಅಜ್ಜಿ."

"ಬನ್ನಿ, ತೋರಿಸ್ತೀನಿ."

"ಮೊಟ್ಟೆ?"

"ಕೊಡಿ ಇಲ್ಲಿ." ಅಜ್ಜಿ ಸ್ವೆಟರಿನೊಳಗಿನಿಂದ ಗಂಟು ಇಸಿದುಕೊಂಡು, ಥರ್ಮಾಮೀಟರು ಕಿತ್ತು ಅವಳ ಕೈಗೆ ಕೊಟ್ಟು, ಟೋಪಿಯನ್ನು ಹಾಗೇ ಕುಕ್ಕೆಯಲ್ಲಿಟ್ಟಳು. "ಗೆಣಸು ನೋಡೋಕೆ ಎಷ್ಟು ಹೊತ್ತು?"

ಗೆಣಸಿನ ಹೊಲ ಗುಡಿಸಲ ಹಿಂದೆಯೇ ಇತ್ತು, ನಾಲ್ಕು ಸಾಲು. ಅದನ್ನು ತೋರಿಸಲು ಅಜ್ಜಿ ಅರ್ಧ ಗಂಟೆ ತೆಗೆದುಕೊಂಡಳು. ಒಂದೊಂದು ಬಳ್ಳಿಯ ಹತ್ತಿರವೂ ನಿಂತು ಅದು ಯಾರ ಮನೆಯಿಂದ ಬಂದದ್ದು ಎಂದು ಹೇಳಿದಳು. ಎಲ್ಸ್‌ಪೆತ್ ಕಾಲು ಬದಲಿಸುತ್ತಾ, ಹೂಂ ಹೂಂ ಎನ್ನುತ್ತಾ ನಿಂತಳು. ವಾಪಸು ಬಂದು ಗುಡಿಸಲೊಳಗೆ ಬಗ್ಗಿ ನೋಡಿದರೆ, ಬೂದಿ ಹೇಂಟೆ ಉಣ್ಣೆ ಟೋಪಿಯ ಮೇಲೆ ಗರಿ ಹರಡಿಕೊಂಡು, ಕಣ್ಣು ಅರೆಮುಚ್ಚಿ ಕೂತಿತ್ತು.

"ಬಂದುಬಿಡ್ತು," ಎಂದಳು ಎಲ್ಸ್‌ಪೆತ್ ಪಿಸುಮಾತಿನಲ್ಲಿ. "ಅಜ್ಜಿ, ಅದಕ್ಕೆ ಹೆದರಿಕೆ ಹೋಯ್ತು."

ಅಜ್ಜಿ ಮತ್ತೆ ಕಡಲೆಕಾಯಿ ಬಿಡಿಸಲು ಕೂತಳು. ದಿಣ್ಣೆಯವರೆಗೆ ಬಿಟ್ಟುಬರಲು ಜೊತೆಗೆ ಬಂದ ಫತ್ಸಾನಿಯನ್ನು ಎಲ್ಸ್‌ಪೆತ್ ದಾರಿಯಲ್ಲಿ ಕೇಳಿದಳು, "ಇಷ್ಟು ಹೊತ್ತು ಯಾಕೆ ಬರಲಿಲ್ಲ ಅದು?"

ಹುಡುಗಿ ನೆಲ ನೋಡುತ್ತಾ ನಡೆದಳು. "ನೀವು ಕೂತಿದ್ರಲ್ಲ ಮೇಡಂ. ಅದಕ್ಕೆ ನಿಮ್ಮನ್ನ ಕಂಡು ಭಯ. ನೀವು ಎದ್ದಿದ್ರೆ ಆಗಲೇ ಬಂದು ಕೂತ್ಕೋತಿತ್ತು."

"ಅಜ್ಜಿಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತು."

"ಮತ್ತೆ ಯಾಕೆ ಯಾರೂ ಹೇಳಲಿಲ್ಲ?"

"ಮನೆಗೆ ಬಂದೋರನ್ನ ಎದ್ದೇಳಿ ಅನ್ನೋಕಾಗತ್ತಾ?"

ಐದು ಗಂಟೆಗಳ ಕಾಲ ಹನ್ನೊಂದು ಜೀವಗಳನ್ನು ಕಾಪಾಡಿದೆ ಎಂದುಕೊಂಡಿದ್ದವಳು, ಐದು ಗಂಟೆಗಳ ಕಾಲ ಅವುಗಳ ತಾಯಿಗೆ ಅಡ್ಡ ಕೂತಿದ್ದಳು. ಎಲ್ಸ್‌ಪೆತ್ ದಿಣ್ಣೆಯ ಮೇಲೆ ನಿಂತು ಮೊದಲು ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವಳು ನಗುವುದನ್ನು ನೋಡಿ, ಬೆಳಗಿನಿಂದ ಬಿಗಿದುಕೊಂಡಿದ್ದ ಫತ್ಸಾನಿಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಮಂಗಳವಾರ ಕಟ್ಟಿಗೆ ಬಂತು. ಗಂಜಿ ಮನೆಯ ಗೋಡೆಯೆತ್ತರ ರಾಶಿ ಬಿತ್ತು. ಗೂಡು ಕಟ್ಟಿದ ಮನುಷ್ಯ ತನ್ನ ಮಗಳ ಕೈಯಲ್ಲಿ ಒಂದು ಕೊರಡಿಗೆ ಕೋಳಿಯ ಕಾಲಿಗೆ ಕಟ್ಟುವಂತೆ ದಾರ ಕಟ್ಟಿ ಕಳಿಸಿದ್ದ. ಎಲ್ಸ್‌ಪೆತ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒಣಗಿದೆಯೇ ಎಂದು ನೋಡಿ ಒಪ್ಪಿಕೊಂಡಳು. ತಪ್ಪಿದ ಒಂದು ದಿನದ ಗಂಜಿಗೆ ಬದಲಾಗಿ ಆ ವಾರ ಪೂರ್ತಿ ಬೆಳಿಗ್ಗೆ ಬೇಗ ಬಂದು ಗಂಜಿ ಮನೆಯ ತಾಯಂದಿರ ಜೊತೆ ಹಂಡೆ ತೊಳೆದಳು. ಅವರು ಅವಳಿಗೆ ಬೆಂಕಿಯ ಕೆಲಸ ಮಾತ್ರ ಕೊಡಲಿಲ್ಲ.

ಹನ್ನೊಂದರಲ್ಲಿ ಏಳು ಮೊಟ್ಟೆ ಒಡೆದು ಪಿಳ್ಳೆಗಳು ಬಂದವು, ನಾಲ್ಕು ಬರಲಿಲ್ಲ. ಆ ನಾಲ್ಕು ಬೆಳಗಿನ ಚಳಿಗೆ ಹೋದವೋ, ತನ್ನ ಹೊಟ್ಟೆಯ ಬಿಸಿಗೆ ಹೋದವೋ ಎಂದು ಎಲ್ಸ್‌ಪೆತ್ ಅಜ್ಜಿಯನ್ನು ಕೇಳಿದಳು. ಎಲ್ಲ ಸಲವೂ ಎರಡು ಮೂರು ಹೋಗುತ್ತವೆ ಎಂದಳು ಅಜ್ಜಿ. ಹಾಗಾದರೆ ಒಂದೆರಡು ತನ್ನ ಲೆಕ್ಕಕ್ಕೆ ಎಂದುಕೊಂಡಳು ಎಲ್ಸ್‌ಪೆತ್. ಟೋಪಿಯನ್ನು ಅಜ್ಜಿ ಬೂದಿ ಹಾಕಿ ಕುದಿಸಿ ಒಗೆದುಕೊಟ್ಟಿದ್ದಳು. ಅದು ಕುಗ್ಗಿ ಈಗ ಫತ್ಸಾನಿಯ ತಲೆಗೆ ಸರಿಯಾಗಿತ್ತು, ಅವಳ ತಲೆಯ ಮೇಲೇ ಉಳಿಯಿತು.

ಮುಂದಿನ ಸೋಮವಾರ ಎಲ್ಸ್‌ಪೆತ್ ಕಡ್ಜೊಂಬೆಯವರ ಮುಂದೆ ಒಂದು ಕೋರಿಕೆ ಇಟ್ಟಳು. ಬೆಳಿಗ್ಗೆ ಮೊದಲ ಗಂಟೆ ಅವಳಿಗೆ ಪಾಠವಿರಲಿಲ್ಲ. ಆ ಹೊತ್ತು ಒಂದನೇ ತರಗತಿಯಲ್ಲಿ ಕೂತು ಚಿಚೇವಾ ಕಲಿಯಬೇಕು ಎಂದಳು. ಕಡ್ಜೊಂಬೆ ಹಣೆ ಉಜ್ಜಿಕೊಂಡು, "ಫಲೇಸಿ ಮೇಡಂ ಒಪ್ಪಿದ್ರೆ ನಂದೇನಿಲ್ಲ," ಎಂದರು. ಫಲೇಸಿ ಒಪ್ಪಲು ಒಂದೇ ಷರತ್ತು ಹಾಕಿದಳು: ನೂರಿಪ್ಪತ್ತು ಮಕ್ಕಳು ಹೇಗೋ ಹಾಗೇ, ಸಲುಗೆ ಇಲ್ಲ.

ಎಲ್ಸ್‌ಪೆತ್ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತಳು. ಮೊಣಕಾಲು ಲಟಕ್ಕೆಂದಿತು. ಪಕ್ಕದ ಆರು ವರ್ಷದ ಹುಡುಗಿ ಸರಿದು ಜಾಗ ಕೊಟ್ಟು, ಅವಳ ಬೂಟಿನ ಅಳತೆಯನ್ನು ಗೇಣು ಹಾಕಿ ನೋಡತೊಡಗಿದಳು. ಮುಂದೆ ಫಲೇಸಿ ಒಂದು ಮಡಕೆ ಎತ್ತಿ ಹಿಡಿದಳು.

"ಇದೇನು? ಯಾರು ಹೇಳ್ತೀರಿ?"

ನೂರಿಪ್ಪತ್ತು ಕೈ ಎದ್ದವು. ಎಲ್ಸ್‌ಪೆತ್‌ಗೂ ಈ ಪದ ಖಂಡಿತವಾಗಿ ಗೊತ್ತಿತ್ತು. ಅವಳೂ ಕೈ ಎತ್ತಿದಳು, ಎಲ್ಲರಿಗಿಂತ ಎತ್ತರಕ್ಕೆ. ಫಲೇಸಿ ಆ ಕೈಯನ್ನು ಒಂದು ಗಳಿಗೆ ನೋಡಿ, ಮುಂದಿನ ಸಾಲಿನ ಮಗುವಿನ ಕಡೆಗೆ ತಿರುಗಿದಳು.

"ನೀನು ಹೇಳಮ್ಮ."